ನುಸಿ ಹಿಡಿದ ಪಿಯಾನೊ ಮತ್ತು ಶ್ರಾವಕನ ಅಣುವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಹುಳು ಹಿಡಿದ ಸಾಮಾನನ್ನು ದುರಸ್ತಿ ಮಾಡಿಸಬಹುದೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದು. ಧಾನ್ಯವನ್ನು ಕೇರಿ ಆರಿಸುವ, ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿ ಇದಕ್ಕೆ ಉತ್ತರ ಎಂದೋ ಸಿದ್ಧವಾಗಿರಬೇಕೆಂದು ತೋರುತ್ತದೆ. ಆದರೆ ಸಾಮಾನು ಪಿಯಾನೊ ಆದಾಗ ಉತ್ತರವು ಅಷ್ಟು ಸುಲಭವಲ್ಲ.

ಅರಸೀಕೆರೆಯ ಒಬ್ಬ ಕೊಬ್ಬರಿ ವರ್ತಕರ ಮನೆಯಲ್ಲಿ ಅಜ್ಜನ ಕಾಲದ ಪಿಯಾನೊ ಒಂದಿದೆ ಎಂದು ಭಾವಿಸೋಣ. ಮೈಸೂರು ಸೀಮೆಗೆ ಈ ವಾದ್ಯ ಅಪರಿಚಿತವೇನಲ್ಲ. ಜಯಚಾಮರಾಜ ಒಡೆಯರು ಅದರಲ್ಲಿ ಪರಿಣತರಾಗಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದಿದ್ದರು. ವರ್ತಕರ ಮನೆಯ ವಾದ್ಯವಾದರೋ ಇಪ್ಪತ್ತು ವರ್ಷ ಮುಚ್ಚಿದಂತೆಯೇ ಉಳಿದಿದೆ. ಈಗ ಮೊಮ್ಮಗಳು ಕಲಿಯಬೇಕೆನ್ನುತ್ತಾಳೆ. ಮುಚ್ಚಳ ತೆರೆದರೆ ಒಳಗಿನ ಉಣ್ಣೆಯನ್ನು ನುಸಿ ತಿಂದಿದೆ, ಮರದಲ್ಲಿ ಸೂಜಿಯ ಮೊನೆಯಷ್ಟು ರಂಧ್ರಗಳು, ಕೆಳಗೆ ಹಿಟ್ಟಿನಂಥ ಪುಡಿ. ಅದೇ ಊರಿನಲ್ಲಿ 1220ರಲ್ಲಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯ ಇಂದಿಗೂ ನಿಂತಿದೆ. ಕಲ್ಲಿಗೆ ನುಸಿ ಹಿಡಿಯದು. ಮರ, ಉಣ್ಣೆ, ಚರ್ಮಗಳಿಂದಾದ ವಸ್ತುವಿಗೆ ಆ ಭಾಗ್ಯವಿಲ್ಲ.

ಪಿಯಾನೊದ ಒಡಲನ್ನು ಮೊದಲು ಅರಿಯಬೇಕು. 88 ಮನೆಗಳು, ಇನ್ನೂರಕ್ಕೂ ಮಿಕ್ಕಿದ ತಂತಿಗಳು. ತಂತಿಯನ್ನು ಬಡಿಯುವ ಸುತ್ತಿಗೆಗಳ ತಲೆಗೆ ಒತ್ತಿದ ಉಣ್ಣೆ, ಕೀಲುಗಳಲ್ಲಿ ಚರ್ಮ, ಹಳೆಯ ಜೋಡಣೆಗಳಿಗೆಲ್ಲ ಪ್ರಾಣಿಯ ತೊಗಲು ಬೇಯಿಸಿ ತೆಗೆದ ಸರೇಸು, ಮೇಲಣ ಹೊಳಪಿಗೆ ಅರಗು, ಬೆಲೆಬಾಳುವ ವಾದ್ಯವಾದರೆ ಮನೆಗಳ ಮೇಲೆ ಆನೆಯ ದಂತ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ತ್ಯಜಿಸಬೇಕಾದ ಖರಕರ್ಮಗಳನ್ನು ಎಣಿಸುವಾಗ ಲಾಕ್ಷಾವಾಣಿಜ್ಯ, ದಂತವಾಣಿಜ್ಯ ಎರಡನ್ನೂ ಹೆಸರಿಸುತ್ತಾರೆ. ದಂತದ ವ್ಯಾಪಾರಕ್ಕೆ ಜಗತ್ತಿನ ರಾಷ್ಟ್ರಗಳು ಒಗ್ಗೂಡಿ ಆಫ್ರಿಕದ ಆನೆಯ ವಿಷಯದಲ್ಲಿ ತಡೆಯೊಡ್ಡಿದ್ದು 1989ರಲ್ಲಿ. ಪಂಡಿತರು ಬರೆದದ್ದು ಹದಿಮೂರನೆಯ ಶತಮಾನದಲ್ಲಿ. ಹೀಗಿರಲು, ಹುಳುಗಳು ಬರುವ ಮೊದಲೇ ಈ ವಾದ್ಯ ಹಿಂಸೆಯ ಸಂಗ್ರಹವಾಗಿತ್ತು. ಕೊಂಡವರು ಅದನ್ನು ಯೋಚಿಸಲಿಲ್ಲ. ಹುಳು ತಿಂದಾಗ ಯೋಚನೆ ಬಂದಿತು.

ದುರಸ್ತಿಗೆ ಬರುವ ಕುಶಲಕರ್ಮಿ ಮೊದಲು ಔಷಧಿ ಹೊಡೆಯಬೇಕೆನ್ನುವನು. ಯಜಮಾನರು ‘ಕೆಲಸ ಅವನದು’ ಎಂದು ಸುಮ್ಮನಾಗಬಹುದು. ಆದರೆ ಕೃತದಷ್ಟೇ ಕಾರಿತವೂ ಅನುಮೋದನೆಯೂ ಬಂಧಕ್ಕೆ ಕಾರಣವೆಂಬುದು ಪಾಠಶಾಲೆಯ ಮಗುವಿಗೂ ತಿಳಿದ ವಿಷಯ. ಕೂಲಿ ಕೊಟ್ಟ ಕೈ ಬೇರೆ, ವಿಷ ಹಾಕಿದ ಕೈ ಬೇರೆ ಎನ್ನುವುದು ನಮ್ಮಲ್ಲಿ ಹೆಚ್ಚಾಗಿ ಕಾಣುವ ಆತ್ಮವಂಚನೆ. ಔಷಧಿಯ ಬದಲು ಹಿಮದಷ್ಟು ತಂಪಿನಲ್ಲಿಡುವ, ಪ್ರಾಣವಾಯುವನ್ನು ತೆಗೆದು ಸಾರಜನಕ ತುಂಬುವ ಕ್ರಮಗಳು ವಸ್ತುಸಂಗ್ರಹಾಲಯಗಳಲ್ಲಿವೆ. ವಿಷವಿಲ್ಲದ್ದರಿಂದ ಇವು ಶುದ್ಧವೆಂದು ಕೆಲವರು ಭ್ರಮಿಸುತ್ತಾರೆ. ಉಸಿರುಗಟ್ಟಿ ಸಾಯುವ ಜೀವಕ್ಕೆ ಆ ಶುದ್ಧಿಯಿಂದ ಏನು ಪ್ರಯೋಜನ?

ಮಾರಿಬಿಡುವುದೆಂದರೆ ಹುಳುವಿದೆಯೆಂದು ಹೇಳದೆ ಮಾರುವುದೇ ವಾಡಿಕೆ. ಅಲ್ಲಿ ಸತ್ಯಾಣುವ್ರತ ಸೀಳುತ್ತದೆ. ಒಡೆದು ಬಚ್ಚಲ ಒಲೆಗೆ ಹಾಕಿದರೆ ಒಂದೂ ಉಳಿಯದು. ಹಾಗೆಯೇ ಬಿಟ್ಟರೆ ನುಸಿ ಮನೆಯ ಶಾಲುಗಳಿಗೆ ಹಬ್ಬುತ್ತದೆ, ಆಗ ಮತ್ತಷ್ಟು ವಧೆ. ಎಲ್ಲ ದಾರಿಯಲ್ಲೂ ತ್ರಸಜೀವಿಗಳಿವೆ.

ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಪ್ರಮಾದದೊಡನೆ ಕಟ್ಟಿಟ್ಟಿದ್ದಾರೆ ಎಂಬುದು ಇಲ್ಲಿ ನೆನಪಿಗೆ ಬರಬೇಕು. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಅದಕ್ಕೆ ಬೇಕಾದುದು ಕತ್ತಲೆ ಮತ್ತು ಅಲುಗಾಡದ ಎಡೆ. ದಿನವೂ ನುಡಿಸುವ ವಾದ್ಯದಲ್ಲಿ ಅದು ನೆಲೆಯೂರುವುದು ಕಷ್ಟ. ಇಪ್ಪತ್ತು ವರ್ಷ ಮುಚ್ಚಿಟ್ಟವರೇ ಅದಕ್ಕೆ ಮನೆ ಮಾಡಿಕೊಟ್ಟರು. ಇಂದು ಆ ಮನೆಯನ್ನು ಕೀಳಬೇಕಾಗಿದೆ. ಪ್ರಮಾದವು ಇಂದಿನ ಔಷಧಿಯಲ್ಲಷ್ಟೇ ಇಲ್ಲ, ಅಂದಿನ ಮುಚ್ಚಳದಲ್ಲಿಯೂ ಇದೆ. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟುವ ಪದ್ಧತಿಯನ್ನು ಪೂಜೆಯೆಂದು ಮಾತ್ರ ಎಣಿಸುವವರು ಅದರ ಅರ್ಧವನ್ನಷ್ಟೇ ಬಲ್ಲರು. ಹುಳು ಹುಟ್ಟುವ ಮುನ್ನವೇ ಅದನ್ನು ಕೊಲ್ಲುವ ಪ್ರಸಂಗವನ್ನು ತಪ್ಪಿಸುವ ದಯೆ ಅದರಲ್ಲಿದೆ.

ಆದುದರಿಂದ ವರ್ತಕರು ಆತುರಪಡಲಾಗದು. ವಾದ್ಯದಡಿಯಲ್ಲಿ ಕಪ್ಪು ಕಾಗದ ಹಾಸಿ ಮಳೆಗಾಲವೆಲ್ಲ ನೋಡಬೇಕು. ಹೊಸ ಪುಡಿ ಬೀಳದಿದ್ದರೆ ರಂಧ್ರಗಳು ಹಳೆಯವಾಗಿರುವ ಸಂಭವವೇ ಹೆಚ್ಚು. ಬಡಗಿ ನಿರಾತಂಕವಾಗಿ ಮೇಣ ತುಂಬಬಹುದು. ಪುಡಿ ಬಿದ್ದರೆ ತುಂಬಬಾರದು. ಒಳಗೆ ಹುಳುವಿರುವಾಗ ಬಾಯಿ ಮುಚ್ಚುವುದು ಬಂಧ, ಅನ್ನಪಾನನಿರೋಧ ಎಂಬ ಅತಿಚಾರಗಳ ನೆರಳಿನಲ್ಲಿಯೇ ಬರುತ್ತದೆ. ಮರದ ಹುಳು ಬೆಳೆದು ತಾನೇ ಹೊರಬಂದು ಹಾರುತ್ತದೆ. ಕೆಲವೊಮ್ಮೆ ಅದಕ್ಕೆ ವರ್ಷಗಳೇ ಬೇಕು, ಕಾಯಬೇಕು. ಉಣ್ಣೆಯ ಕೆಲಸ ಇದಕ್ಕಿಂತ ಸರಳ. ತಿಂದ ಉಣ್ಣೆಯನ್ನು ಹೇಗೂ ಬದಲಿಸಲೇಬೇಕು. ತೆಗೆದ ತುಂಡುಗಳನ್ನು ಬಿಸಿಲಿಗೆ ಹಾಕದೆ, ಒಲೆಗೆ ಎಸೆಯದೆ, ಮೃದುವಾದ ಕುಂಚದಿಂದ ಉಳಿದ ಮರಿಗಳನ್ನೂ ಅದರೊಳಗೇ ಸೇರಿಸಿ, ಒಂದು ಪೆಟ್ಟಿಗೆಯಲ್ಲಿ ತೋಟದ ಕೊಟ್ಟಿಗೆಯ ನೆರಳಿನಲ್ಲಿಟ್ಟರೆ ಅವುಗಳ ಆಹಾರ ಅವುಗಳೊಡನೆಯೇ ಹೋಗುತ್ತದೆ. ಇಷ್ಟಾದರೂ ಕೆಲವು ಮೊಟ್ಟೆ ನಾಶವಾಗಬಹುದು. ಅದು ಆರಂಭೀ ಹಿಂಸೆ. ಗೃಹಸ್ಥನು ಅದನ್ನು ಒಪ್ಪಿಕೊಂಡು ಪ್ರತಿಕ್ರಮಣದಲ್ಲಿ ನೆನೆಯಬೇಕಲ್ಲದೆ ಇಲ್ಲವೆನ್ನಬಾರದು.

ಹೊಸ ಸಾಮಗ್ರಿಯ ಮಾತು ಹೆಚ್ಚಿನದಲ್ಲ. ಸರೇಸಿನ ಬದಲು ಕೃತಕ ಅಂಟು, ಚರ್ಮದ ಬದಲು ಬಟ್ಟೆ, ಅರಗಿನ ಬದಲು ಬೇರೆ ವಾರ್ನಿಷ್ ದೊರೆಯುತ್ತವೆ. ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಗೆ ಮಾತ್ರ ಸರಿಸಾಟಿಯಾದುದು ಸಿಕ್ಕುವುದು ವಿರಳ. ಇವೆಲ್ಲವನ್ನೂ ಕುಶಲಕರ್ಮಿಗೆ ಮೊದಲೇ ತಿಳಿಸಿ, ತಡವಾದುದಕ್ಕೆ ಕೂಲಿಯನ್ನೂ ಹೆಚ್ಚಿಸಬೇಕು. ವ್ರತ ಯಜಮಾನರದು, ಅದರ ನಷ್ಟ ಬಡವನ ಮೇಲೆ ಬೀಳಬಾರದು.

ಮಗುವಿನ ಪಾಠ ಒಂದು ಚಾತುರ್ಮಾಸವಾದರೂ ತಡವಾಗುತ್ತದೆ. ಅಲ್ಲಿಯವರೆಗೆ ಮನೆಯ ಹಾರ್ಮೋನಿಯಂ ಸಾಕು. ಅದರ ತಿದಿಯ ಚರ್ಮದ ವಿಚಾರವನ್ನು ಮೊಮ್ಮಗಳೇ ಒಂದು ದಿನ ಕೇಳುವಳು.