ಬೀದರದ ಸಾಹಿಬ್ ಸಿಂಗ್

1977ರಲ್ಲಿ ಹ್ಯಾಮಿಲ್ಟನ್ನಿನ ಟೆ ರಾಪಾದಲ್ಲಿ ತಲೆಯೆತ್ತಿದ, ನ್ಯೂಜಿಲೆಂಡಿನ ಮೊತ್ತಮೊದಲ ಗುರುದ್ವಾರದಲ್ಲಾಗಲಿ, 2005ರಲ್ಲಿ ಆಕ್ಲೆಂಡಿನ ದಕ್ಷಿಣಕ್ಕೆ ಟಾಕಾನಿನಿಯಲ್ಲಿ ತೆರೆದ ಕಲ್ಗೀಧರ್ ಸಾಹಿಬದಲ್ಲಾಗಲಿ, ದಿನದಿನವೂ ಅರ್ದಾಸ್ ಪ್ರಾರ್ಥನೆಯಲ್ಲಿ ಪಂಜ್ ಪ್ಯಾರೆಗಳೆಂಬ ಐವರ ಸ್ಮರಣೆ ನಡೆಯುವಾಗ, ಆ ಐವರೊಳಗೊಬ್ಬನು ನಮ್ಮ ಬೀದರದ ಕ್ಷೌರಿಕ ಕುಲದವನೆಂಬುದನ್ನು ಈ ದ್ವೀಪಗಳಲ್ಲಿ ನೆಲೆನಿಂತ ಕನ್ನಡಿಗರು ಅರಿತಿರಬೇಕೆಂಬುದು ನನ್ನ ಹಂಬಲ.

1699ರ ವೈಶಾಖಿಯಂದು ಆನಂದಪುರದ ಮಹಾಸಭೆಯಲ್ಲಿ ಗುರು ಗೋವಿಂದ ಸಿಂಗರು ಬಿಚ್ಚುಗತ್ತಿಯನ್ನು ಹಿಡಿದು ಶಿರಸ್ಸನ್ನು ಬೇಡಿದಾಗ, ಲಾಹೋರಿನ ದಯಾ ರಾಮ್, ಹಸ್ತಿನಾಪುರದ ಧರಮ್ ದಾಸ್, ಪುರಿಯ ಹಿಮ್ಮತ್ ರಾಯ್, ದ್ವಾರಕೆಯ ಮೊಹ್ಕಮ್ ಚಂದ್, ಬೀದರದ ಸಾಹಿಬ್ ಚಂದ್ ಒಬ್ಬರಾದ ಮೇಲೊಬ್ಬರು ಎದ್ದುನಿಂತರೆಂದು ಸಂಪ್ರದಾಯವು ಹೇಳುತ್ತದೆ. ದೀಕ್ಷೆಯ ಅಮೃತವನ್ನು ಸ್ವೀಕರಿಸಿ ಸಾಹಿಬ್ ಸಿಂಗನಾದ ಮೇಲೆ, ಪಿತೃಪಿತಾಮಹರು ಕತ್ತಿಯಲಗಿನಿಂದ ಕೇಶವನ್ನು ತೆಗೆದೇ ಬಾಳಿದ ಮನೆಯಲ್ಲಿ ಹುಟ್ಟಿದವನು ಕೇಶವನ್ನು ಮುಟ್ಟದ ವ್ರತವನ್ನು ಧರಿಸಿದನು. ತಲೆಯನ್ನು ಒಪ್ಪಿಸುವುದಕ್ಕಿಂತ ಇದು ಕಿರಿದಾದ ತ್ಯಾಗವೆಂದು ನನಗೆ ತೋರುವುದಿಲ್ಲ. ಕುಲವೂ ಕಸುಬೂ ಪೂರ್ವದ ಹೆಸರೂ ಅಂದೇ ಅಳಿದುವು.

ಆದರೆ ಶಿರಸ್ಸನ್ನೇ ಅರ್ಪಿಸಿದವನಿಗೆ ಸ್ವಂತದ ವಿವೇಕವೆಂಬುದು ಉಳಿಯುವುದೇ? ಸಂಪೂರ್ಣವಾದ ಶರಣಾಗತಿಯು ದಾಸ್ಯಕ್ಕೆ ಇಳಿಯದೆ ನಿಲ್ಲಬಲ್ಲುದೇ? ಧರ್ಮದ ಹೆಸರಿನಲ್ಲಿ ಪ್ರಾಣವನ್ನು ಬೇಡುವವರು ಎಂದಿಗೂ ಇರುವುದರಿಂದ ಈ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ಅದೇ ಬೀದರ ಸೀಮೆಯ ಕಲ್ಯಾಣದಲ್ಲಿ ಹಿಂದೆ ಬಸವಣ್ಣನ ಕಾಲದ ಶರಣರಾದ ಹರಳಯ್ಯ ಮಧುವರಸರು ಶಸ್ತ್ರವೆತ್ತದೆ ಮಡಿದರು. ಸಾಹಿಬ್ ಸಿಂಗನು ಶಸ್ತ್ರವನ್ನೆತ್ತಿಯೇ ಮಡಿದನು. ಈ ಭೇದವು ಸಣ್ಣದಲ್ಲವಾದರೂ, ಬಲಿದಾನದ ಬೆಲೆಯನ್ನು ಆಯುಧದಿಂದ ಅಳೆಯಲು ನನ್ನ ಮನಸ್ಸು ಒಪ್ಪದು. ಬೇಡಿದವನು ಕೊಟ್ಟವನನ್ನು ಆಮೇಲೆ ಹೇಗೆ ಕಂಡನೆಂಬುದನ್ನೇ ಮೊದಲು ನೋಡಬೇಕು. ಆನಂದಪುರದಲ್ಲಿ ಐವರಿಗೂ ಅಮೃತವನ್ನಿತ್ತ ಗುರುವು ಮರುಗಳಿಗೆಯಲ್ಲಿಯೇ ಅವರ ಮುಂದೆ ಕೈಮುಗಿದು, ತನಗೂ ಅದನ್ನು ಕೊಡಿರೆಂದು ಬೇಡಿದನು. ಶಿಷ್ಯನ ಶಿರಸ್ಸನ್ನು ಪಡೆದು ತನ್ನ ಅಧಿಕಾರವನ್ನೇ ಅವನಿಗೆ ಒಪ್ಪಿಸಿದ ಗುರುವಿನ ಮುಂದೆ ದಾಸ್ಯವೆಂಬ ಮಾತಿಗೆ ಎಡೆಯೆಲ್ಲಿ?

1704ರ ಡಿಸೆಂಬರಿನಲ್ಲಿ ಚಮಕೌರಿನ ಮಣ್ಣಿನ ಗಢಿಯನ್ನು ಅಪಾರ ಸೈನ್ಯವು ಮುತ್ತಿದಾಗ ಒಳಗೆ ಗುರುವಿನೊಡನೆ ಇದ್ದವರು ಸುಮಾರು ನಾಲ್ವತ್ತು ಮಂದಿ. ಆ ಕಾಳಗದಲ್ಲಿ ಹಿಮ್ಮತ್ ಸಿಂಗ್, ಮೊಹ್ಕಮ್ ಸಿಂಗರೊಡನೆ ಸಾಹಿಬ್ ಸಿಂಗನೂ, ಗುರುವಿನ ಹಿರಿಯ ಮಕ್ಕಳಿಬ್ಬರೂ ಬಿದ್ದರು. ಇರುಳಾದ ಮೇಲೆ, ಉಳಿದವರಲ್ಲಿ ಐವರು ಕೂಡಿ, ಸಿಖ್ ಪಂಥದ ಹಿತಕ್ಕಾಗಿ ಗಢಿಯನ್ನು ಬಿಟ್ಟು ಹೋಗಬೇಕೆಂದು ಗುರುವಿಗೆ ಆಜ್ಞಾಪಿಸಿದರು. ಬೀದರದವನು ಆ ಐವರಲ್ಲಿರಲಿಲ್ಲ. ಅವನು ಬಿಟ್ಟುಹೋದ ಸ್ಥಾನದಲ್ಲಿ ಬೇರೊಬ್ಬನು ನಿಂತಿದ್ದನು. ಗುರುವು ಆ ಆಜ್ಞೆಗೆ ತಲೆಬಾಗಿ ಹೊರಟನು.