ಅಂಜುವ ಮಗುವಿಗೆ ಧೈರ್ಯವನ್ನು ಹೇರಬಹುದೋ?

ಹತ್ತು ವರುಷಗಳ ಹಿಂದೆ ನಾನು ನನ್ನ ಹಿರೀ ಮಗನನ್ನು ಒಂದು ಜಾತ್ರೆಗೆ ಕರಕೊಂಡು ಹೋದೆನು. ಅವನಿಗೆ ಆಗ ಆರು ವರುಷ. ತಿರುಗುವ ದೊಡ್ಡ ತೊಟ್ಟಿಲನ್ನು ಕಂಡೊಡನೆ ಅವನು ನನ್ನ ಪಂಚೆಯನ್ನು ಹಿಡಿದು, “ಅಪ್ಪಾ, ಬೇಡ” ಅಂದನು. ನೆರೆಯವರ ಮಕ್ಕಳು ಆಗಲೇ ಹತ್ತಿ ಕೂತಿದ್ದರು. ನಾನು ನಾಚಿಕೆಪಟ್ಟು, “ಏನೂ ಆಗುವದಿಲ್ಲ” ಎಂದು ಅವನನ್ನು ಎತ್ತಿ ಕೂರಿಸಿದೆನು. ತೊಟ್ಟಿಲು ಮೇಲೇರಿದಾಗ ಅವನು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಇಳಿದ ಮೇಲೆ ಅವನು ನನ್ನ ಕೈಯನ್ನು ಹಿಡಿಯದೆ ತಾಯಿಯ ಬಳಿಗೆ ಓಡಿದನು. ಬಹುದಿನಗಳ ವರೆಗೆ, ಕೆರೆಯ ಮೆಟ್ಟಲನ್ನು ಇಳಿಯುವದಕ್ಕೂ ನನ್ನ ಮಾತನ್ನು ನಂಬಲಿಲ್ಲ.

ಅಂಜುವ ಮಗುವನ್ನು ಮುಂದಕ್ಕೆ ನೂಕುವದು ಪ್ರೀತಿಯೋ, ಹಟವೋ? ಆ ದಿನ ನಾನು ಮಗನ ಹಿತವನ್ನು ಬಯಸಿದೆನೆಂದು ಎಣಿಸಿಕೊಂಡೆನು. ನಿಜವಾಗಿ ಬಯಸಿದ್ದು ನೆರೆಯವರ ಮುಂದೆ ನನ್ನ ಮಾನವನ್ನೇ. ಹಾಗಾದರೆ ಮಗುವನ್ನು ಅದರ ಅಂಜಿಕೆಗೆ ಬಿಟ್ಟುಬಿಡಬೇಕೋ? ಅದೂ ಸರಿಯಲ್ಲ. ಯಾವಾಗಲೂ ಹಿಂದಕ್ಕೆ ಕರೆಯಲ್ಪಟ್ಟ ಮಗುವು ಅಂಜಿಕೆಯನ್ನೇ ತನಗೆ ಯಜಮಾನನನ್ನಾಗಿ ಮಾಡಿಕೊಳ್ಳುವದು. ಆದಕಾರಣ ನಡುವಣ ದಾರಿಯೊಂದನ್ನು ಹುಡುಕಬೇಕು.

ಮೊದಲನೆಯದಾಗಿ, ಅಂಜಿಕೆಯನ್ನು ಹಾಸ್ಯಮಾಡಬಾರದು. ಎತ್ತರವನ್ನು ಕಂಡು ಎದೆ ಬಡಿದುಕೊಳ್ಳುವದೂ ಅಂಗೈ ಬೆವರುವದೂ ದೇಹವು ತನ್ನನ್ನು ಕಾಯುವ ರೀತಿಯೇ. “ಹೇಡಿ” ಎಂಬ ಮಾತು ಅಂಜಿಕೆಯನ್ನು ತೆಗೆಯದು. ಅದನ್ನು ಬಚ್ಚಿಡುವದಕ್ಕೆ ಮಾತ್ರ ಕಲಿಸುವದು.

ಎರಡನೆಯದಾಗಿ, ಸುಳ್ಳು ಹೇಳಬಾರದು. “ಏನೂ ಆಗುವದಿಲ್ಲ” ಎಂಬದು ಸುಳ್ಳು. ಹೊಟ್ಟೆಯಲ್ಲಿ ಏನೋ ಆಗಿಯೇ ಆಗುವದು. ದೊಡ್ಡ ಉದ್ಯಾನಗಳಲ್ಲಿರುವ ರೋಲರ್ ಕೋಸ್ಟರ್ ಎಂಬ ಬಂಡಿಯನ್ನು ನೋಡಿರಿ. ಸಾಮಾನ್ಯವಾಗಿ ಸರಪಣಿಯು ಅದನ್ನು ದಿಬ್ಬದ ಮೇಲಕ್ಕೆ ಎಳೆಯುವದು. ಅಲ್ಲಿಂದ ಅದು ತನ್ನ ಭಾರದಿಂದಲೇ ಇಳಿಯುವದು. ಆಗ ಬಂಡಿಯೂ ನಾವೂ ಕೂಡಿ ಬೀಳುವದರಿಂದ ಆಸನವು ನಮ್ಮನ್ನು ಒತ್ತುವದು ಕಡಿಮೆಯಾಗಿ ಹೊಟ್ಟೆ ತೇಲಿದಂತಾಗುವದು. ಹಳಿಯನ್ನು ಕೆಳಗಿನಿಂದಲೂ ಹಿಡಿಯುವ ಚಕ್ರಗಳಿಗೆ ಅಮೆರಿಕದ ಜಾನ್ ಮಿಲ್ಲರ್ ಎಂಬವನು 1919ರಲ್ಲಿ ಪೇಟೆಂಟ್ ಪಡೆದನು. ಅಂಥ ಚಕ್ರಗಳು ಬಂಡಿಯನ್ನು ಹಳಿ ಬಿಟ್ಟು ಮೇಲೇಳಗೊಡವು. ಇಷ್ಟನ್ನು ಮೊದಲೇ ತಿಳಿದ ಮಗುವಿಗೆ ಹೊಟ್ಟೆ ತೇಲಿದಾಗ, “ಅಪ್ಪನು ಹೇಳಿದ್ದು ಇದೇ” ಎಂಬ ಆಧಾರವಿರುವದು.

ಮೂರನೆಯದಾಗಿ, ಮೆಟ್ಟಲು ಮೆಟ್ಟಲಾಗಿ ನಡಿಸಬೇಕು. ಮೊದಲು ದೂರದಿಂದ ನೋಡಲಿ, ಬಳಿಕ ಚಿಕ್ಕದನ್ನು ಹತ್ತಲಿ, ಆ ಮೇಲೆ ಹಿರಿಯರ ಪಕ್ಕದಲ್ಲಿ ದೊಡ್ಡದನ್ನು ಹತ್ತಲಿ. ಬಾಗಲಲ್ಲಿ ಎತ್ತರವನ್ನು ಅಳೆದು ಹಿಂದಕ್ಕೆ ಕಳುಹಿಸಿದರೆ ಜಗಳಾಡಬೇಡಿರಿ. ಮೈಯನ್ನು ಹಿಡಿಯುವ ಕಂಬಿಯು ಚಿಕ್ಕ ದೇಹವನ್ನು ಸರಿಯಾಗಿ ಹಿಡಿಯಲಾರದು.

ಕಡೆಯದಾಗಿ, “ಬೇಡ” ಎನ್ನುವ ಅಧಿಕಾರವನ್ನು ಮಗುವಿನಿಂದ ಕಸಕೊಳ್ಳಬಾರದು. ಸರಪಣಿ ಎಳೆಯತೊಡಗಿದ ಮೇಲೆ ಯಾರೂ ತಮ್ಮ ಇಷ್ಟದಂತೆ ಇಳಿಯಲಾರರು. ಆದದರಿಂದಲೇ ಹತ್ತುವದಕ್ಕೆ ಮುಂಚೆ ಆ ಮಾತಿಗೆ ಪೂರ್ಣ ಬೆಲೆಯಿರಬೇಕು. ಹಿಂದಿರುಗುವ ದಾರಿಯುಂಟೆಂದು ಬಲ್ಲ ಮಗುವೇ ಇನ್ನೊಂದು ಹೆಜ್ಜೆಯನ್ನು ಮುಂದಿಡುವದು.

ಬಿಡದಿಯ ಸಮೀಪದಲ್ಲಿ 2005ರಲ್ಲಿ ತೆರೆಯಲ್ಪಟ್ಟ ವಂಡರ್‌ಲಾ ಎಂಬ ಉದ್ಯಾನಕ್ಕೆ ನಾವು ಹೋದ ವರುಷ ಹೋಗಿದ್ದೆವು. ಒಂಭತ್ತು ವರುಷದ ನನ್ನ ಮಗಳು ಚಿಕ್ಕವುಗಳನ್ನೆಲ್ಲಾ ಹತ್ತಿ, ದೊಡ್ಡ ಬಂಡಿಯ ಬಾಗಲ ವರೆಗೆ ಬಂದು ನಿಂತುಬಿಟ್ಟಳು. ನಾನು ಬಾಯಿ ತೆರೆಯುವದರೊಳಗೆ ಅವಳ ಅಣ್ಣನು, “ಬೇಡವಾದರೆ ಬೇಡ, ಪುಟ್ಟಿ. ನಾನೂ ನಿನ್ನ ಸಂಗಡ ಇಲ್ಲೇ ನಿಲ್ಲುವೆನು” ಅಂದನು. ಆ ಮಾತನ್ನು ಹತ್ತು ವರುಷಗಳ ಹಿಂದೆ ನಾನು ಅವನಿಗೆ ಹೇಳಬೇಕಾಗಿತ್ತು. ಅವಳು ಆ ದಿನ ಹತ್ತಲಿಲ್ಲ. ಸಂಜೆ ಬಸ್ಸಿನಲ್ಲಿ ಅಣ್ಣನ ಹೆಗಲಿಗೆ ಒರಗಿ, “ಮುಂದಿನ ಸಾರಿ ನಾವಿಬ್ಬರೂ ಹತ್ತೋಣ” ಅಂದಳು.

ತಂದೆತಾಯಿಗಳೇ, ಧೈರ್ಯವನ್ನು ಹೇರಲಾಗದು. ಅದು ಹುಟ್ಟುವ ತನಕ ಮಗುವಿನ ಪಕ್ಕದಲ್ಲಿ ನಿಲ್ಲಬಹುದು.