ಕೇಳಿ ಪಡೆದ ಸಾಕ್ಷಿ

ವಾಣಿಜ್ಯ ಪದವಿಗಾಗಿ ಓದಿದವರೆಲ್ಲರೂ ಗುಡ್‌ವಿಲ್ ಎಂಬ ಶಬ್ದವನ್ನು ಕಲಿತೇ ಇರುತ್ತಾರೆ. ಗಿರಾಕಿಯು ಒಂದೇ ಅಂಗಡಿಯ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತುವಂತೆ ಮಾಡುವ ವಿಶ್ವಾಸಕ್ಕೆ ಲೆಕ್ಕಶಾಸ್ತ್ರವು ಕೊಟ್ಟ ಹೆಸರದು. ಅದರ ಬಗೆಗಿನ ಒಂದು ನಿಯಮ ವಿಚಾರಯೋಗ್ಯವಾದುದು. ಇನ್ನೊಬ್ಬನ ವ್ಯಾಪಾರವನ್ನು ಕೊಂಡು, ಅವನ ಹೆಸರಿಗೆಂದು ಹಣ ತೆತ್ತಿದ್ದರೆ ಆ ಮೊತ್ತವನ್ನು ಆಸ್ತಿಯ ಕಡೆಗೆ ಬರೆಯಬಹುದು. ತಾನೇ ಬೆಳೆಸಿಕೊಂಡ ಗುಡ್‌ವಿಲ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ತಾನೇ ಬೆಲೆ ಕಟ್ಟಿ ತನ್ನ ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುವಂತಿಲ್ಲ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ 26 ಇದನ್ನು ಸ್ಪಷ್ಟವಾಗಿ ವಿಧಿಸಿದೆ. ಹೆಸರಿನ ಬೆಲೆಯನ್ನು ಹೆಸರುಳ್ಳವನೇ ಹೇಳಬಾರದು, ಬೇರೆಯವರು ಹೇಳಬೇಕು ಎಂಬ ವಿವೇಕವು ಆ ನಿಯಮದ ಹಿಂದಿದೆ.

ಈಚಿನ ವರ್ಷಗಳಲ್ಲಿ ಈ ಬೇರೆಯವರ ಮಾತಿಗೆ ಎಲ್ಲರ ಕಣ್ಣಿಗೂ ಬೀಳುವ ಒಂದು ರೂಪ ಬಂದಿದೆ. ಅದೇ ಫೋನಿನ ನಕ್ಷೆಯಲ್ಲಿ ಪ್ರತಿಯೊಂದು ಅಂಗಡಿಯ ಹೆಸರಿನ ಕೆಳಗೆ ಕಾಣುವ ಐದು ನಕ್ಷತ್ರಗಳ ಸಾಲು ಮತ್ತು ಗಿರಾಕಿಗಳ ಅಭಿಪ್ರಾಯ. ಕಲಬುರಗಿಯ ರೈಲು ನಿಲ್ದಾಣದಿಂದ ಹೊರಬಿದ್ದು ಸ್ಟೇಶನ್ ಬಜಾರಿಗೆ ಕಾಲಿಟ್ಟ ಪರಸ್ಥಳದವನು ಲಾಡ್ಜನ್ನಾಗಲಿ, ಊಟದ ಹೋಟೆಲನ್ನಾಗಲಿ, ಫೋನ್ ದುರಸ್ತಿಯವನನ್ನಾಗಲಿ ಹುಡುಕುವಾಗ ಮೊದಲು ನೋಡುವುದು ಅದನ್ನೇ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಈ ಅವಶ್ಯಕತೆ ಅಷ್ಟಾಗಿ ಇಲ್ಲ. ಅಲ್ಲಿ ಯಾರ ಕೈ ಚೊಕ್ಕಟ, ಯಾರ ಕೆಲಸ ಎರಡು ದಿನ ಬಾಳುವುದಿಲ್ಲ, ಯಾರ ಬುಟ್ಟಿಯ ಕೆಂಪು ಬಾಳೆಹಣ್ಣು ನಂಬಿ ಕೊಳ್ಳತಕ್ಕದ್ದು ಎಂಬುದು ಊರಿಗೇ ಗೊತ್ತು. ಅಪರಿಚಿತನಿಗೆ ಮಾತ್ರ ಅಪರಿಚಿತನ ಸಾಕ್ಷಿ ಬೇಕಾಗುತ್ತದೆ. ಆದ್ದರಿಂದ ಈ ಅಭಿಪ್ರಾಯಗಳನ್ನು ಪೊಳ್ಳೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಗಂಟು ಮೂಟೆ ಹೊತ್ತು ರಾತ್ರಿ ಹನ್ನೊಂದಕ್ಕೆ ಇಳಿದ ಕುಟುಂಬಕ್ಕೆ, ತನಗಿಂತ ಮೊದಲು ಬಂದು ಹೋದವರ ಮಾತೇ ಆಧಾರ.

ಸಾಕ್ಷಿಗೆ ಬೆಲೆ ಬಂದಲ್ಲಿ ಸಾಕ್ಷಿಯನ್ನು ಒದಗಿಸುವ ಉದ್ಯೋಗವೂ ಹುಟ್ಟುತ್ತದೆ. ತಿಂಗಳ ಬಾಡಿಗೆಗೆ ದೊರೆಯುವ ಕಂಪ್ಯೂಟರ್ ವ್ಯವಸ್ಥೆಗಳು ಈಗ ಸಾಕಷ್ಟಿವೆ. ಏಸಿ ದುರಸ್ತಿಯವನು ಬಿಲ್ಲು ಮಾಡುವಾಗ ಗಿರಾಕಿಯ ಫೋನ್ ನಂಬರನ್ನು ಬರೆದುಕೊಳ್ಳುತ್ತಾನೆ. ಬಿಲ್ಲು ಮುಗಿದ ಗಂಟೆಯೊಳಗೆ ಯಾರೂ ಕೈಯಿಡದೆ ಸಂದೇಶವೊಂದು ತಾನಾಗಿಯೇ ಹೋಗುತ್ತದೆ: ನಮ್ಮ ಸೇವೆ ಹೇಗಿತ್ತು? ಉತ್ತರ ಬಾರದಿದ್ದರೆ ಎರಡು ದಿನ ಬಿಟ್ಟು ಮತ್ತೊಂದು, ವಾರದ ಮೇಲೆ ಇನ್ನೊಂದು. ಇದರಲ್ಲಿ ಕೆಲವು ವ್ಯವಸ್ಥೆಗಳು ಮುಂದೆ ಒಂದು ಕವಲುದಾರಿಯನ್ನು ಇಟ್ಟಿರುತ್ತವೆ. ತೃಪ್ತನಾದೆನೆಂದು ಒತ್ತಿದವನನ್ನು ಸಾರ್ವಜನಿಕರು ಓದುವ ಪುಟಕ್ಕೆ ಕಳಿಸುತ್ತವೆ. ಅತೃಪ್ತನೆಂದು ಒತ್ತಿದವನನ್ನು ಮಾಲೀಕನೊಬ್ಬನೇ ಓದುವ ಖಾಸಗಿ ನಮೂನೆಗೆ ಕಳಿಸುತ್ತವೆ. ಹೊಗಳಿಕೆ ಬೀದಿಗೆ, ತೆಗಳಿಕೆ ಒಳಕೋಣೆಗೆ. ಇನ್ನೂ ಮುಂದೆ ಹೋಗಿ, ಗಿರಾಕಿಗೆ ಬರೆಯುವ ಶ್ರಮವೂ ಬೇಡವೆಂದು ನಾಲ್ಕು ಸಾಲಿನ ಪ್ರಶಂಸೆಯನ್ನು ಯಂತ್ರವೇ ರಚಿಸಿ ಅವನ ಮುಂದೆ ಹಿಡಿಯುವುದೂ ಉಂಟು. ಕೃತ್ರಿಮ ಲೇಖನವನ್ನು ನಮ್ಮ ಆಚಾರ್ಯರು ಕೂಟಲೇಖಕ್ರಿಯೆ ಎಂದು ಕರೆದು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಈ ಕೊನೆಯ ಬಗೆಗೆ ಅದಕ್ಕಿಂತ ಹೆಚ್ಚಿನ ಚರ್ಚೆ ಬೇಕಿಲ್ಲ.

ಕವಲುದಾರಿಯ ವಿಷಯ ಹಾಗಲ್ಲ. ಅಲ್ಲಿ ಯಾರೂ ಸುಳ್ಳು ಬರೆದಿಲ್ಲ. ಬರೆದವರೆಲ್ಲ ನಿಜವಾದ ಗಿರಾಕಿಗಳು, ಬರೆದುದೆಲ್ಲ ಅವರ ನಿಜವಾದ ಅನುಭವ. ಹಾಗಿರುವಲ್ಲಿ ದೋಷವೆಲ್ಲಿದೆಯೆಂದು ಯುವ ವ್ಯಾಪಾರಿಗಳು ಕೇಳುತ್ತಾರೆ. ಪ್ರಶ್ನೆ ಸಮಂಜಸವಾಗಿಯೇ ಇದೆ.

ಮೊದಲು, ಕೇಳುವುದೇ ತಪ್ಪೇ ಎಂಬುದನ್ನು ನೋಡೋಣ. ಪರರನ್ನು ನಿಂದಿಸಿ ತನ್ನನ್ನು ಹೊಗಳಿಕೊಳ್ಳುವುದು, ಪರರ ಗುಣವನ್ನು ಮರೆಮಾಡಿ ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ಆದರೂ ಬಹಿರಂಗವಾದ ಆತ್ಮಪ್ರಶಂಸೆಯಿಂದ ಲೋಕ ಮೋಸಹೋಗುವುದು ಕಡಿಮೆ. ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ವಣಿಕ ಸಂಘವು ತನ್ನ ಶಾಸನಗಳಲ್ಲಿ ತನ್ನ ಶೌರ್ಯವನ್ನೂ ಸತ್ಯಸಂಧತೆಯನ್ನೂ ಉದ್ದುದ್ದವಾಗಿ ಕೊಂಡಾಡಿಕೊಂಡಿದೆ. (ಇಂದಿನ ಜಾಹೀರಾತಿನವರು ಅದನ್ನು ಓದಿದರೆ ನಾಚಿಯಾರು.) ಆದರೆ ಆ ಮಾತು ಯಾರದೆಂಬುದರಲ್ಲಿ ಓದುವವನಿಗೆ ಸಂಶಯವಿರುತ್ತಿರಲಿಲ್ಲ, ಅದಕ್ಕೆ ತಕ್ಕಷ್ಟೇ ಬೆಲೆಯನ್ನು ಅವನು ಕೊಡುತ್ತಿದ್ದ. ಗಿರಾಕಿಯ ಅಭಿಪ್ರಾಯವನ್ನು ಜನ ನಂಬುವುದು ಅದು ವ್ಯಾಪಾರಿಯ ಮಾತಲ್ಲ ಎಂಬ ಒಂದೇ ಕಾರಣಕ್ಕೆ. ನಿಮ್ಮ ಅನುಭವವನ್ನು ನಾಲ್ಕು ಜನರಿಗೆ ತಿಳಿಸಿರಿ ಎಂದು ಗಿರಾಕಿಯನ್ನು ವಿನಂತಿಸುವುದರಿಂದ ಆ ಮಾತು ವ್ಯಾಪಾರಿಯದಾಗಿಬಿಡುವುದಿಲ್ಲ. ಕೇಳುವುದು ದೋಷವಲ್ಲ.

ಯಾರನ್ನು ಮಾತಾಡಗೊಡಬೇಕು ಎಂಬುದನ್ನು ವ್ಯಾಪಾರಿಯು ಆರಿಸಿದಾಗ ಅದು ಅವನದಾಗುತ್ತದೆ. ಲೆಕ್ಕಪರಿಶೋಧನೆಯನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ. ವರ್ಷದ ಸಾವಿರಾರು ವೌಚರುಗಳಲ್ಲಿ ಪರಿಶೋಧಕನು ಕೆಲವನ್ನು ಮಾತ್ರ ತೆಗೆದು ನೋಡುತ್ತಾನೆ. ಆದರೆ ಆ ಕೆಲವನ್ನು ಆರಿಸುವವನು ಅವನೇ ಆಗಿರಬೇಕು. ಅಂಗಡಿಯ ಗುಮಾಸ್ತನು ಸರಿಯಾಗಿರುವ ವೌಚರುಗಳನ್ನಷ್ಟೇ ಹೆಕ್ಕಿ ಮೇಜಿನ ಮೇಲಿಟ್ಟರೆ, ಒಂದೊಂದೂ ನೈಜವಾಗಿದ್ದರೂ ಒಟ್ಟಿನಲ್ಲಿ ಅದು ಸುಳ್ಳು ಲೆಕ್ಕವೇ. ನಮ್ಮ ಜಿಲ್ಲೆ ತೊಗರಿಯ ಕಣಜ. ಇದನ್ನು ತೊಗರಿಯಿಂದಲೇ ಹೇಳಬಹುದು. ಕೊಳ್ಳುವವನು ಚೀಲದ ನಡುವಿನಿಂದ ಕಾಳು ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಮೇಲಿನ ಒಂದು ಪದರಕ್ಕೆ ಮಾತ್ರ ದಪ್ಪ ಕಾಳು ಸುರಿದು, ಕೆಳಗೆ ಜೊಳ್ಳು ತುಂಬಿದವನು ತಾನು ಒಂದೂ ಸುಳ್ಳು ಆಡಲಿಲ್ಲವೆಂದು ಹೇಳಿಕೊಳ್ಳಬಹುದು. ಒಳ್ಳೆಯದನ್ನು ತೋರಿಸಿ ಕೀಳಾದುದನ್ನು ಸಾಗಿಸುವ ಇಂತಹ ವ್ಯವಹಾರಕ್ಕೆ ಪ್ರತಿರೂಪಕ ವ್ಯವಹಾರವೆಂಬ ಹೆಸರಿದೆ. ಆಚಾರ್ಯರು ಅದನ್ನಿಟ್ಟಿರುವುದು ಅಸತ್ಯದ ಪಟ್ಟಿಯಲ್ಲಲ್ಲ, ಅಚೌರ್ಯಾಣುವ್ರತದ ಅತಿಚಾರಗಳ ಪಟ್ಟಿಯಲ್ಲಿ. ಅಂದರೆ ಕಳ್ಳತನದ ಸಾಲಿನಲ್ಲಿ. ರಾತ್ರಿ ಹನ್ನೊಂದಕ್ಕೆ ಇಳಿದ ಆ ಕುಟುಂಬವು ಕಳೆದುಕೊಳ್ಳುವುದು ನಿಜವಾದ ಹಣವನ್ನೇ ಅಲ್ಲವೇ?

ಇದನ್ನೆಲ್ಲ ಮಾಡಿದ್ದು ಯಂತ್ರ, ಕಂಪನಿಯವರು ಹಾಗೆ ಹೊಂದಿಸಿಕೊಟ್ಟಿದ್ದಾರೆ, ನಾನು ಒಂದು ಸಂದೇಶವನ್ನೂ ಕಳಿಸಿಲ್ಲ ಎಂಬ ಸಮಾಧಾನವೊಂದು ಇನ್ನು ಉಳಿಯುತ್ತದೆ. ಕರ್ಮಸಿದ್ಧಾಂತದಲ್ಲಿ ಈ ಸಮಾಧಾನಕ್ಕೆ ಎಡೆಯೇ ಇಲ್ಲ. ಕೃತ, ಕಾರಿತ, ಅನುಮೋದಿತ: ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು. ಇವನ್ನು ಮನೋವಾಕ್ಕಾಯಗಳಿಂದಲೂ, ಸಂಕಲ್ಪ, ಸಿದ್ಧತೆ, ಪ್ರಾರಂಭವೆಂಬ ಮೂರು ಹಂತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಬರುವ ಮೊತ್ತ 108. ಜಪಮಾಲೆಯ ಮಣಿಗಳಿಗೆ ಕೊಡುವ ಒಂದು ವಿವರಣೆಯೂ ಇದೇ. ಮಾಡಿಸಿದವನ ಕೈಗೆ ಮಣ್ಣು ಅಂಟಿಲ್ಲವೆಂಬುದು ಆ ಗಣಿತದಲ್ಲಿ ಒಂದು ಅಂಕೆಯನ್ನೂ ಕಡಿಮೆ ಮಾಡದು. ಆಳಿನಿಂದ ಮಾಡಿಸಿದರೆ ಆಳು ಒಮ್ಮೆಯಾದರೂ ಹಿಂಜರಿದಾನು, ಮುದುಕಿಯೊಬ್ಬಳ ಮುಖ ನೋಡಿ ಸುಮ್ಮನಾದಾನು. ಯಂತ್ರಕ್ಕೆ ಆ ಹಿಂಜರಿಕೆಯೂ ಇಲ್ಲ. ಮಾಲೀಕನು ಒಂದು ಮಧ್ಯಾಹ್ನ ಆರಿಸಿದ ಒಂದು ಆಯ್ಕೆ ವರ್ಷವಿಡೀ ಪ್ರತಿಯೊಬ್ಬ ಗಿರಾಕಿಯ ಮೇಲೂ ನಡೆಯುತ್ತಲೇ ಇರುತ್ತದೆ.

ಇಲ್ಲಿ ಯಂತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಗಲ್ಲೆಯ ಮೇಲೆ ಕುಳಿತ ಮನುಷ್ಯನು ಕೇಳುವಾಗ ನಗುಮುಖದವನನ್ನೇ ಕೇಳುತ್ತಾನೆ; ಮುಖ ಗಂಟಿಕ್ಕಿಕೊಂಡು ಹೊರಟವನನ್ನು ಕೇಳುವ ಧೈರ್ಯ ಯಾರಿಗಿದೆ? ಕವಲುದಾರಿಯನ್ನು ಕಿತ್ತುಹಾಕಿ ಎಲ್ಲರಿಗೂ ಒಂದೇ ಮಾತು, ಎಲ್ಲರಿಗೂ ಒಂದೇ ಬಾಗಿಲು ಎಂದು ಹೊಂದಿಸಿದರೆ, ಅದೇ ಯಂತ್ರ ಮನುಷ್ಯನಿಗಿಂತ ನಿಷ್ಪಕ್ಷಪಾತಿಯಾಗಬಲ್ಲುದು. ತಕ್ಕಡಿಗೆ ತನ್ನದೇ ಆದ ಪಾಪವಿಲ್ಲ.

ರಾಜನಿಯಮವೂ ಈ ದಾರಿಗೆ ಬರುತ್ತಿದೆ. ಭಾರತೀಯ ಮಾನಕ ಸಂಸ್ಥೆಯು ಗ್ರಾಹಕರ ಅಭಿಪ್ರಾಯಗಳ ಸಂಗ್ರಹ ಹಾಗೂ ಪ್ರಕಟಣೆಯ ಬಗೆಗೆ ಐ.ಎಸ್. 19000 ಎಂಬ ಮಾನದಂಡವನ್ನು 2022ರಲ್ಲಿ ಹೊರಡಿಸಿತು; ಆಗ ಅದನ್ನು ಸ್ವಯಂಪ್ರೇರಣೆಗೆ ಬಿಡಲಾಯಿತು. ಮಾರಾಟಗಾರನು ಗ್ರಾಹಕನ ವೇಷದಲ್ಲಿ ಅಭಿಪ್ರಾಯ ಬರೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಶನ್ 2024ರಲ್ಲಿ ಹುಸಿ ಅಭಿಪ್ರಾಯಗಳ ಕ್ರಯವಿಕ್ರಯವನ್ನು ದಂಡನೀಯವಾಗಿಸಿತು. ಮೆಚ್ಚಿದವರನ್ನು ಮಾತ್ರ ಆರಿಸಿ ಕೇಳಕೂಡದೆಂದು ಗೂಗಲ್ ತನ್ನ ನಕ್ಷೆಯ ನಿಯಮಗಳಲ್ಲೇ ಬರೆದಿದೆ. ಕಾನೂನು ಹಿಡಿಯುವ ಮೊದಲೇ ವ್ರತಿಯು ನಿಲ್ಲಬೇಕೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಬರುವುದು ಮಾಲೀಕನಿಂದಲ್ಲ, ಕೆಲಸದ ಹುಡುಗನಿಂದ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಂದು ತಾಸು ಏಸಿ ಬಿಚ್ಚಿ ಜೋಡಿಸಿ ಕೆಳಗಿಳಿದವನು, ‘ಸಾಹೇಬ್ರ, ಮೆಸೇಜ್ ಬರ್ತದ, ಐದು ಸ್ಟಾರ್ ಒತ್ರಿ, ಕಡಿಮಿ ಆದ್ರ ನನಗ ಕೆಲಸ ಕೊಡಂಗಿಲ್ಲ’ ಎಂದು ಕೈಮುಗಿಯುತ್ತಾನೆ. ಅವನ ಕೆಲಸ ಸಾಧಾರಣವಾಗಿದೆ. ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಮೂರು ಒತ್ತಿದರೆ ಸತ್ಯ, ಐದು ಒತ್ತಿದರೆ ದಯೆ. ಇದು ಉತ್ಪ್ರೇಕ್ಷೆಯಲ್ಲ. ಮನೆಗೆಲಸದ ಸೇವೆಗಳನ್ನು ಒದಗಿಸುವ ಅರ್ಬನ್ ಕಂಪನಿಯ ಕೆಲಸಗಾರರು 2023ರಲ್ಲಿ ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಪ್ರತಿಭಟನೆ ನಡೆಸಿದಾಗ, ಗಿರಾಕಿಗಳ ಅಂಕ ಇಳಿಯಿತೆಂದು ತಮ್ಮ ಖಾತೆಯನ್ನೇ ಮುಚ್ಚುತ್ತಾರೆಂಬುದು ಅವರ ದೂರುಗಳಲ್ಲೊಂದಾಗಿತ್ತು. ನಮ್ಮ ರಾಜ್ಯವು 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಮಾಡಿದ ಕಾಯಿದೆಯಲ್ಲಿ ಇಂತಹ ಸ್ವಯಂಚಾಲಿತ ನಿಗಾ ವ್ಯವಸ್ಥೆಗಳ ಬಗೆಗೆ ಕೆಲಸಗಾರನಿಗೆ ತಿಳಿಸಬೇಕೆಂಬ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಲಾಗಿದೆ.

ಹಿಂಸೆಗೆ ಕಾರಣವಾಗುವ ಸತ್ಯವನ್ನು ನುಡಿಯಬಾರದೆಂಬ ವಿವೇಚನೆ ನಮ್ಮ ಶಾಸ್ತ್ರಗಳಲ್ಲಿದೆ. ಆದಕಾರಣ ಐದು ಒತ್ತಿದವನನ್ನು ನಾನು ದೂಷಿಸಲಾರೆ. ಆದರೆ ಅವನ ದಯೆ ಮುಂದಿನ ಗಿರಾಕಿಯ ಪಾಲಿಗೆ ತಪ್ಪು ಸಾಕ್ಷಿಯಾಗುತ್ತದೆ ಎಂಬುದೂ ಅಷ್ಟೇ ನಿಜ. ನನ್ನ ನಿರ್ಣಯ ಇಷ್ಟು: ಅಂಕವನ್ನು ಕೆಲಸಗಾರನ ಅನ್ನಕ್ಕೆ ಕಟ್ಟಿದವನೇ ಗಿರಾಕಿಯನ್ನು ಈ ಇಕ್ಕಟ್ಟಿಗೆ ತಳ್ಳಿದವನು, ಆ ಅಸತ್ಯದ ಕಾರಿತ ಭಾಗವೆಲ್ಲ ಅವನದು. ಗಿರಾಕಿಗೆ ಮೂರನೆಯ ದಾರಿಯೂ ಉಂಟು. ನಕ್ಷತ್ರವನ್ನು ಒತ್ತದೆ, ಮಾಲೀಕನಿಗೇ ಫೋನ್ ಮಾಡಿ ನೀರು ತೊಟ್ಟಿಕ್ಕುವುದನ್ನು ಹೇಳಿ, ಹುಡುಗನ ಶ್ರಮವನ್ನೂ ಹೇಳಬಹುದು. ನಕ್ಷತ್ರದಲ್ಲಿ ಈ ಎರಡೂ ಒಟ್ಟಿಗೆ ಹಿಡಿಸುವುದಿಲ್ಲ. ಅನೇಕಾಂತವನ್ನು ಕಲಿತವರು ಒಂದು ಅಂಕೆಯಿಂದ ವಸ್ತುವಿನ ಸ್ವರೂಪ ತಿಳಿಯಿತೆಂದು ಹೇಗೆ ನಂಬಿಯಾರು?

ಫೋನ್ ನಂಬರಿನ ಬಗೆಗೂ ಒಂದು ಮಾತು. ಬಿಲ್ಲಿಗೆಂದು, ಮನೆ ಹುಡುಕಲೆಂದು ಗಿರಾಕಿ ಕೊಟ್ಟ ನಂಬರು ಒಂದು ನ್ಯಾಸ. ಇಟ್ಟುಕೊಂಡವನು ಕೊಟ್ಟ ಉದ್ದೇಶಕ್ಕಷ್ಟೇ ಅದನ್ನು ಬಳಸಬೇಕು. ನ್ಯಾಸಾಪಹಾರವೆಂಬ ಅತಿಚಾರವನ್ನು ಶಾಸ್ತ್ರಕಾರರು ಹೇಳಿದ್ದು ಒತ್ತೆಯಿಟ್ಟ ಹಣ ಒಡವೆಗಳ ಬಗೆಗೆ. ಅದನ್ನು ಇಲ್ಲಿಗೆ ಹಿಗ್ಗಿಸುತ್ತಿರುವವನು ನಾನು. ಆದರೂ ಹಿಗ್ಗಿಸಿದ್ದು ಹೆಚ್ಚಾಯಿತೆಂದು ನನಗನ್ನಿಸುವುದಿಲ್ಲ. ಮೌನವಾಗಿರುವ ಗಿರಾಕಿಗೆ ಮೂರು ಮೂರು ಸಲ ನೆನಪಿಸುವುದಂತೂ ಬೇಡ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಕುಟಿಲ ತಂತ್ರಗಳನ್ನು ಎಣಿಸುತ್ತ, ಗ್ರಾಹಕನನ್ನು ಪದೇ ಪದೇ ಕಾಡುವುದನ್ನೂ ಅವುಗಳಲ್ಲಿ ಸೇರಿಸಿದೆ.

ಇಷ್ಟೆಲ್ಲ ಪಾಲಿಸಿದ ಅಂಗಡಿಯವನ ಗತಿಯೇನು? ಅವನ ಹೆಸರಿನ ಕೆಳಗೆ 4.2, ಎದುರಿನವನ ಕೆಳಗೆ 4.9. ಈ ವ್ಯತ್ಯಾಸ ಹೊಟ್ಟೆಯ ಮೇಲೆ ಹೊಡೆಯುವಂಥದು. ಆಗ ಹಾರ್ವರ್ಡ್‌ನಲ್ಲಿದ್ದ ಮೈಕೆಲ್ ಲೂಕಾ ಎಂಬ ಅರ್ಥಶಾಸ್ತ್ರಜ್ಞರು ಸಿಯಾಟಲ್ ನಗರದ ಹೋಟೆಲುಗಳನ್ನು ಅಭ್ಯಸಿಸಿ, ಒಂದು ನಕ್ಷತ್ರ ಹೆಚ್ಚಾದರೆ ವರಮಾನ ಶೇಕಡಾ 5ರಿಂದ 9ರಷ್ಟು ಏರುತ್ತದೆಂದು 2011ರಲ್ಲಿ ಕಂಡುಕೊಂಡರು. ದೊಡ್ಡ ಸರಣಿ ಹೋಟೆಲುಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಕಂಡದ್ದು ಸ್ವತಂತ್ರವಾದ ಸಣ್ಣ ಹೋಟೆಲುಗಳಲ್ಲಿ ಮಾತ್ರ. ಅಂದರೆ ಸ್ಟೇಶನ್ ಬಜಾರಿನಂತಹ ಬೀದಿಯ ಒಂಟಿ ಅಂಗಡಿಯವನಿಗೇ ಪೆಟ್ಟು ಹೆಚ್ಚು. ಪ್ರಾಮಾಣಿಕನು ಕೊನೆಗೆ ಗೆದ್ದೇ ಗೆಲ್ಲುತ್ತಾನೆಂದು ಅವನಿಗೆ ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಅವನು ನಷ್ಟಪಡಬಹುದು. ವ್ರತವನ್ನು ಲಾಭದ ಉಪಾಯವೆಂದು ಉಪದೇಶಿಸುವವರು ವ್ರತಕ್ಕೂ ವ್ಯಾಪಾರಕ್ಕೂ ಅನ್ಯಾಯ ಮಾಡುತ್ತಾರೆ. ಅವನ ನಷ್ಟವನ್ನು ಕಡಿಮೆ ಮಾಡುವ ಶಕ್ತಿ ಇರುವುದು ಗಿರಾಕಿಗಳಾದ ನಮ್ಮಲ್ಲಿ.

ಕೋಪ ಬಂದಾಗ ಮಾತ್ರ ಬರೆಯುವವರು ನಮ್ಮಲ್ಲಿ ಬಹಳ. ಕೆಲಸ ಚೆನ್ನಾಗಿ ಆದ ದಿನ ಯಾರಿಗೂ ಬಿಡುವಿರುವುದಿಲ್ಲ. ಇನ್ನು ಕೆಲವರು ಉಪಗೂಹನದ ಹೆಸರು ಹೇಳಿ, ಪರರ ದೋಷವನ್ನು ಮುಚ್ಚಬೇಕು, ಕೆಟ್ಟದ್ದನ್ನು ಬರೆಯಲಾರೆವು ಎನ್ನುತ್ತಾರೆ. ರತ್ನಕರಂಡ ಶ್ರಾವಕಾಚಾರದಲ್ಲಿ ಸಮಂತಭದ್ರ ಆಚಾರ್ಯರು ಉಪಗೂಹನವನ್ನು ಹೇಳಿರುವುದು ಅಜ್ಞರಿಂದ, ಅಶಕ್ತರಿಂದ ಧರ್ಮಮಾರ್ಗಕ್ಕೆ ಬರುವ ಅಪವಾದವನ್ನು ನಿವಾರಿಸುವ ವಿಷಯದಲ್ಲಿ. ಸ್ಕೂಟರಿನ ಬ್ರೇಕನ್ನು ಸಡಿಲ ಬಿಟ್ಟವನ ವಿಷಯದಲ್ಲಲ್ಲ. ಬ್ರೇಕಿನ ಸಂಗತಿಯನ್ನು ಮುಚ್ಚಿದರೆ ಮುಂದಿನ ಸವಾರನ ಕಾಲು ಮುರಿದೀತು.

ಕಡೆಯದಾಗಿ ಭಾಷೆ. ಈ ಸಂದೇಶಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ, ಯಾವುದೋ ಪರದೇಶದ ಉತ್ಸಾಹದಲ್ಲಿ ಬರುತ್ತವೆ. ಕನ್ನಡ, ದಖನಿ, ಮರಾಠಿ, ತೆಲುಗುಗಳನ್ನು ಬೆರೆಸಿ ಬದುಕುವ ನಮ್ಮ ಬೀದಿಯಲ್ಲಿ ಅದು ಅರ್ಧ ಜನಕ್ಕೆ ತಿಳಿಯದು. ತಿಳಿಯದವರ ಸಾಕ್ಷಿ ಅಲ್ಲಿಗೇ ಬಿಟ್ಟುಹೋಗುತ್ತದೆ. ಗಿರಾಕಿಯ ಭಾಷೆಯಲ್ಲಿ, ಅವನ ಅನುಮತಿ ಪಡೆದು, ಒಂದೇ ಸಲ ಕಳಿಸಬೇಕು. ಫ್ರಿಜ್ ದುರಸ್ತಿಯವನೊಬ್ಬನು ನನ್ನನ್ನು ಕೇಳಿದರೆ ನಾನು ಬರೆದುಕೊಡುವ ಒಕ್ಕಣೆ ಹೀಗಿರುತ್ತದೆ: ‘ನಮಸ್ಕಾರ. ನಿನ್ನೆ ನಿಮ್ಮ ಮನೆಯ ಫ್ರಿಜ್ ದುರಸ್ತಿ ಮಾಡಿದ್ದೇವೆ. ದೋಷ ಇನ್ನೂ ಉಳಿದಿದ್ದರೆ ಇದೇ ನಂಬರಿಗೆ ಫೋನ್ ಮಾಡಿರಿ, ಬಂದು ಸರಿಪಡಿಸುತ್ತೇವೆ. ಕೆಲಸ ಹೇಗಾಯಿತೆಂಬುದನ್ನು ಬೇರೆ ಗಿರಾಕಿಗಳಿಗೆ ತಿಳಿಸುವ ಇಚ್ಛೆಯಿದ್ದರೆ ಕೆಳಗಿನ ಪುಟದಲ್ಲಿ ಬರೆಯಬಹುದು. ಚೆನ್ನಾಗಿದ್ದರೂ ಬರೆಯಿರಿ, ಇಲ್ಲದಿದ್ದರೂ ಬರೆಯಿರಿ. ಈ ಬಗ್ಗೆ ಮತ್ತೆ ನೆನಪಿಸುವುದಿಲ್ಲ.’